ನೆರೆ ಬಂದಾಗ ಹಸುಗೂಸಿಗೆ ಏನು ಕುಡಿಸಬೇಕು?

ಮಳೆಗಾಲದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಹರಿದರೆ ಸಾಕು, ಎರಡು ಮೂರು ದಿನದಲ್ಲಿ ಎಲ್ಲರ ಮೊಬೈಲಿಗೂ ಒಂದು ಪಟ್ಟಿ ಬರುತ್ತದೆ. ಅಕ್ಕಿ, ಬೇಳೆ, ಚಾದರ, ಬಿಸ್ಕತ್ತು, ಮೇಣದಬತ್ತಿ. ನಡುವೆ ಎಲ್ಲೋ ಒಂದು ಕಡೆ ‘ಚಿಕ್ಕ ಮಕ್ಕಳಿಗೆ ಹಾಲಿನ ಪುಡಿ, ಹಾಲಿನ ಬಾಟಲಿ’ ಎಂದೂ ಇರುತ್ತದೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಆ ಇಡೀ ಪಟ್ಟಿಯಲ್ಲಿ ಹಸುಗೂಸಿನ ಜೀವಕ್ಕೆ ಕುತ್ತು ತರಬಲ್ಲ ವಸ್ತುಗಳು ಯಾವುವು ಎಂದು ಕೇಳಿದರೆ, ಈ ವಿಷಯ ಬಲ್ಲವರು ತೋರಿಸುವುದು ಇವೆರಡನ್ನೇ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ನೀರಲ್ಲಿ ಮುಳುಗಿದವು. ಇಂಥ ಹೊತ್ತಿನಲ್ಲಿ ಮನೆ ಬಿಟ್ಟವರನ್ನು ಸರ್ಕಾರ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಇರಿಸುತ್ತದೆ. ಇವನ್ನೇ ಕಾಳಜಿ ಕೇಂದ್ರ ಅನ್ನುವುದು. ಅಲ್ಲಿ ದೊಡ್ಡವರು ಅನ್ನ ಸಾರು ಉಂಡು ಹೇಗೋ ದಿನ ಕಳೆಯುತ್ತಾರೆ. ಎರಡು ತಿಂಗಳ ಕೂಸು ಏನು ಮಾಡಬೇಕು?

ಸುತ್ತೆಲ್ಲ ನೀರು, ಕುಡಿಯಲು ಇಲ್ಲ

ನೆರೆ ಬಂದಾಗ ಶೌಚಾಲಯದ ಗುಂಡಿ, ತಿಪ್ಪೆ, ಚರಂಡಿ, ಸತ್ತ ದನಕರು ಎಲ್ಲವನ್ನೂ ಸೋಕಿದ ನೀರು ಬಾವಿಗೂ ಬೋರ್‌ವೆಲ್‌ಗೂ ಸೇರುತ್ತದೆ. ಪೈಪು ಒಡೆದಿದ್ದರೆ ನಲ್ಲಿ ನೀರಿನಲ್ಲೂ ಅದೇ ಬರುತ್ತದೆ. ನೋಡಲು ತಿಳಿಯಾಗಿದ್ದರೂ ಅದರಲ್ಲಿ ಭೇದಿ, ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳು ಇರಬಹುದು.

ಅದೇ ನೀರು ಕುಡಿದ ದೊಡ್ಡವರಿಗೆ ಎರಡು ದಿನ ಹೊಟ್ಟೆ ಕೆಟ್ಟು ಸರಿಹೋಗಬಹುದು. ಕೂಸಿಗೆ ಹಾಗಲ್ಲ. ಅದರ ಮೈಯಲ್ಲಿರುವ ನೀರಿನ ಒಟ್ಟು ಪ್ರಮಾಣವೇ ಕಡಿಮೆ, ರೋಗ ತಡೆಯುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ನಾಲ್ಕಾರು ಸಲ ನೀರಾಗಿ ಭೇದಿಯಾದರೆ ಕೆಲವೇ ಗಂಟೆಗಳಲ್ಲಿ ಮೈ ಒಣಗುತ್ತದೆ.

ಆದ್ದರಿಂದ ಇಲ್ಲಿ ಯೋಚಿಸಬೇಕಾದ್ದು ಒಂದೇ: ಈ ನೀರು ಕೂಸಿನ ಬಾಯಿಗೆ ಹೋಗದಂತೆ ಹೊಟ್ಟೆ ತುಂಬಿಸುವುದು ಹೇಗೆ? ಎದೆಹಾಲಿಗೆ ಹೊರಗಿನ ನೀರು ಬೇಡ, ಪಾತ್ರೆ ಬೇಡ, ಒಲೆ ಬೇಡ. ಅದರಲ್ಲಿ 100ಕ್ಕೆ ಸುಮಾರು 87 ಪಾಲು ನೀರೇ ಇದೆ. ಅದಕ್ಕೇ ಆರು ತಿಂಗಳು ತುಂಬುವವರೆಗೆ ಕೂಸಿಗೆ ಬೇಸಿಗೆಯಲ್ಲೂ ಮೇಲಿಂದ ಒಂದು ಚಮಚ ನೀರೂ ಬೇಕಿಲ್ಲ. ಜೊತೆಗೆ ತಾಯಿ ಯಾವ ಊರಿನ ರೋಗಾಣುಗಳ ನಡುವೆ ಇದ್ದಾಳೋ ಅವುಗಳ ವಿರುದ್ಧ ಅವಳ ಮೈ ತಯಾರಿಸಿದ ರಕ್ಷಣೆಯೂ ಹಾಲಿನ ಮೂಲಕ ಮಗುವಿಗೆ ಸಿಗುತ್ತದೆ.

ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಜೇನು ಹಚ್ಚುವುದು, ಗ್ರೈಪ್ ವಾಟರ್ ಕುಡಿಸುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ಇವು ಬೇರೆ ದಿನಗಳಲ್ಲೂ ಬೇಕಿಲ್ಲ. ನೆರೆಯ ದಿನಗಳಲ್ಲಂತೂ ತೇಯುವ ಕಲ್ಲು, ಅದಕ್ಕೆ ಹಾಕುವ ನೀರು, ತೇಯುವವರ ಕೈ ಮೂರೂ ರೋಗಾಣುವಿಗೆ ದಾರಿ ಆಗುತ್ತವೆ.

ಒಂದು ಡಬ್ಬ ಪುಡಿಯ ಜೊತೆ ಏನೆಲ್ಲ ಬೇಕು

ಹಾಲಿನ ಪುಡಿ ಅಂದರೆ ಇಲ್ಲಿ ಚಹಾಕ್ಕೆ ಹಾಕುವ ಪುಡಿಯಲ್ಲ. ಎದೆಹಾಲು ಸಿಗದ ಕೂಸುಗಳಿಗೆಂದೇ ತಯಾರಿಸಿ, ಮೆಡಿಕಲ್ ಶಾಪಿನಲ್ಲಿ ಡಬ್ಬದಲ್ಲಿ ಮಾರುವ ಫಾರ್ಮುಲಾ. ಅದು ವಿಷವೇನಲ್ಲ. ಶುದ್ಧ ನೀರು, ಗ್ಯಾಸು, ತೊಳೆದ ಪಾತ್ರೆ ಇರುವ ಮನೆಯಲ್ಲಿ ಎಷ್ಟೋ ಮಕ್ಕಳು ಅದನ್ನೇ ಕುಡಿದು ಬೆಳೆಯುತ್ತಾರೆ. ತೊಂದರೆ ಇರುವುದು ಅದರ ಜೊತೆ ಬೇಕಾಗುವ ಸಾಮಾನಿನಲ್ಲಿ.

ಐದು ಕಿಲೋ ತೂಕದ ಕೂಸು ದಿನಕ್ಕೆ ಸುಮಾರು 750 ಮಿಲಿ ಲೀಟರ್ ಹಾಲು ಕುಡಿಯುತ್ತದೆ. ಅಷ್ಟೇನಾ, ಒಂದು ಬಾಟಲಿ ನೀರು ಸಾಕಲ್ವಾ ಅನಿಸುತ್ತದೆ. ಆದರೆ ದಿನಕ್ಕೆ ಏಳೆಂಟು ಸಲ ಹಾಲು ಕಲಸಬೇಕು. ಪ್ರತಿ ಸಲ ಕೈ ತೊಳೆಯಬೇಕು, ಪಾತ್ರೆ ತೊಳೆಯಬೇಕು, ಅದನ್ನು ನೀರಲ್ಲಿ ಕುದಿಸಬೇಕು, ಕಲಸುವ ನೀರನ್ನು ಬೇರೆಯಾಗಿ ಕುದಿಸಬೇಕು. 2011ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ತುರ್ತು ಪರಿಸ್ಥಿತಿಯಲ್ಲಿ ಒಂದು ಕೂಸಿಗೆ ಒಂದು ವಾರ ಪುಡಿ ಹಾಲು ಕೊಡಲು ಏನೆಲ್ಲ ಬೇಕು ಎಂದು ಕೂತು ಲೆಕ್ಕ ಹಾಕಿದರು. 900 ಗ್ರಾಮಿನ ಎರಡು ಡಬ್ಬ ಪುಡಿ. ಕುಡಿಯಲು ಯೋಗ್ಯವಾದ 170 ಲೀಟರ್ ನೀರು. ಒಲೆ, ಮುಚ್ಚಳವಿರುವ ದೊಡ್ಡ ಪಾತ್ರೆ, ಇಕ್ಕಳ, ಸೋಪು. 14 ಕಿಲೋ ಗ್ಯಾಸು, ಅಂದರೆ ಹೆಚ್ಚು ಕಡಿಮೆ ನಮ್ಮ ಮನೆಗೆ ಬರುವ ಒಂದು ತುಂಬಿದ ಸಿಲಿಂಡರ್. ಎದೆಹಾಲು ಕುಡಿಯುವ ಕೂಸಿಗೆ ಅವರು ಬರೆದದ್ದು ಎರಡೇ ಸಾಮಾನು: 100 ಡೈಪರ್, 200 ಒರೆಸುವ ಹಾಳೆ.

ಈಗ ನೂರಾರು ಜನ ಇರುವ ಒಂದು ಶಾಲೆಯ ಕಟ್ಟಡದಲ್ಲಿ, ಇರುವ ಒಂದೇ ಒಲೆಯಲ್ಲಿ ಅಷ್ಟೂ ಜನಕ್ಕೆ ಅನ್ನ ಬೇಯುತ್ತಿರುವಾಗ, ರಾತ್ರಿ ಎರಡು ಗಂಟೆಗೆ ಅಳುವ ಮಗುವಿಗೆ ನೀರು ಕುದಿಸಿಕೊಡುವವರು ಯಾರು? ಇಂಥ ಹೊತ್ತಲ್ಲಿ ಸಿಕ್ಕ ನೀರಿಗೇ ಪುಡಿ ಹಾಕಿ ಅಲ್ಲಾಡಿಸಿ ಕೊಡುವುದೇ ಜಾಸ್ತಿ. ಡಬ್ಬ ಬೇಗ ಮುಗಿಯದಿರಲಿ ಎಂದು ನಾಲ್ಕು ಚಮಚದ ಕಡೆ ಎರಡು ಹಾಕುವುದೂ ಇದೆ. ಹಾಲು ತೆಳುವಾದರೆ ಮಗುವಿನ ಹೊಟ್ಟೆ ತುಂಬಿದಂತೆ ಕಂಡರೂ ಪೋಷಣೆ ಸಿಗುವುದಿಲ್ಲ. ನೀರು ಅತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಕೂಡ ಬರಬಹುದು.

ಬೇರೆ ಕಡೆ ಆದದ್ದು

ಇದು ಬರೀ ಊಹೆಯಲ್ಲ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಎಚ್‌ಐವಿ ಇರುವ ತಾಯಂದಿರ ಮಕ್ಕಳಿಗೆ ಸರ್ಕಾರವೇ ಉಚಿತವಾಗಿ ಪುಡಿ ಹಾಲು ಕೊಡುತ್ತಿತ್ತು. ತಾಯಿಯ ಎದೆಹಾಲಿನಿಂದ ಸೋಂಕು ಹರಡದಿರಲಿ ಎಂಬ ಕಾಳಜಿ ಅದು. 2006ರ ಆರಂಭದಲ್ಲಿ ಭಾರಿ ಮಳೆ ಸುರಿದು ನೀರು ಕೆಟ್ಟಿತು, ಭೇದಿ ಹರಡಿತು. ಫ್ರಾನ್ಸಿಸ್‌ಟೌನ್ ಎಂಬಲ್ಲಿ ಆಸ್ಪತ್ರೆಗೆ ಸೇರಿದ 153 ಪುಟ್ಟ ಮಕ್ಕಳನ್ನು ತಜ್ಞರು ಪರಿಶೀಲಿಸಿದಾಗ 100ಕ್ಕೆ 93 ಮಕ್ಕಳು ಎದೆಹಾಲು ಕುಡಿಯದವರು. ಪುಡಿಯೂ ಅದೇ, ಡಬ್ಬವೂ ಅದೇ. ಬದಲಾದದ್ದು ನೀರು ಮಾತ್ರ. ಎಚ್‌ಐವಿಗೆ ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿರುವ ತಾಯಿ ಎದೆಹಾಲು ಕೊಡಬಹುದು ಎಂಬುದು ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆ ಬಿಟ್ಟು ಓಡುವಾಗ ಆ ಮಾತ್ರೆ ಮರೆಯಬಾರದು, ಅಷ್ಟೇ.

ಅದೇ ವರ್ಷ ಮೇ 27ರಂದು ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಭೂಕಂಪವಾಯಿತು. ದಾನವಾಗಿ ಹಾಲಿನ ಪುಡಿ ಹರಿದು ಬಂತು. ಎಲ್ಲರಿಗೂ ಹಂಚಿದರು, ಎದೆಹಾಲು ಚೆನ್ನಾಗಿದ್ದ ತಾಯಂದಿರಿಗೂ. ಆಮೇಲೆ ಸಮೀಕ್ಷೆ ಮಾಡಿದಾಗ, ದಾನದ ಪುಡಿ ಸಿಕ್ಕ ಮಕ್ಕಳಲ್ಲಿ 100ಕ್ಕೆ ಸುಮಾರು 25 ಮಕ್ಕಳಿಗೆ ಭೇದಿ ಆಗಿತ್ತು. ಸಿಗದ ಮಕ್ಕಳಲ್ಲಿ ಸುಮಾರು 12.

ಹೆದರಿಕೆಗೆ ಹಾಲು ಬತ್ತುತ್ತದಾ?

ಕಾಳಜಿ ಕೇಂದ್ರದಲ್ಲಿ ಪುಡಿ ಡಬ್ಬ ಕೇಳುವುದಕ್ಕೆ ಮುಖ್ಯ ಕಾರಣವೇ ಈ ಮಾತು. ‘ಪಾಪ, ಮನೆ ಹೋದ ಚಿಂತೆಗೆ ಹಾಲು ಬತ್ತಿತು’ ಎಂದು ಅತ್ತೆ ಹೇಳುತ್ತಾರೆ, ಪಕ್ಕದವರು ಹೌದೌದು ಅನ್ನುತ್ತಾರೆ, ತಾಯಿಯೂ ನಂಬುತ್ತಾಳೆ. ಇದರಲ್ಲಿ ಅರ್ಧ ಮಾತ್ರ ನಿಜ.

ಹಾಲಿನ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಹಾಲು ತಯಾರಾಗುವುದು, ಇನ್ನೊಂದು ತಯಾರಾದ ಹಾಲು ಇಳಿಯುವುದು. ಎರಡಕ್ಕೂ ಬೇರೆ ಬೇರೆ ಹಾರ್ಮೋನುಗಳಿವೆ. ಮೊದಲನೆಯದು ಪ್ರೊಲ್ಯಾಕ್ಟಿನ್, ಎರಡನೆಯದು ಆಕ್ಸಿಟೋಸಿನ್. ಗಾಬರಿ, ದುಃಖ, ನೋವು ಇದ್ದಾಗ ಅಡ್ಡಿಯಾಗುವುದು ಮುಖ್ಯವಾಗಿ ಎರಡನೆಯದಕ್ಕೆ. ಬಾವಿಯಲ್ಲಿ ನೀರಿದೆ, ಆದರೆ ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ತಾಯಿಯನ್ನು ಗದ್ದಲದಿಂದ ಸ್ವಲ್ಪ ದೂರ ಕೂರಿಸಿ, ಮಗುವನ್ನು ಮೈಗೆ ಮೈ ತಾಗುವಂತೆ ಎದೆಗೊರಗಿಸಿ, ಮತ್ತೆ ಮತ್ತೆ ಕುಡಿಯಲು ಬಿಟ್ಟರೆ ಹಗ್ಗ ಬಿಡಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಬಾಟಲಿ ಕೊಟ್ಟುಬಿಟ್ಟರೆ? ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಸೇದದ ಬಾವಿಯ ಒರತೆ ಕಟ್ಟುವ ಹಾಗೆ ಆಗ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಅಂದರೆ ಹಾಲು ಬತ್ತಿತೆಂದು ಕೊಟ್ಟ ಬಾಟಲಿಯೇ ಹಾಲು ಬತ್ತಿಸುತ್ತದೆ.

ಸರಿಯಾಗಿ ಊಟವಿಲ್ಲದ ತಾಯಿಗೆ ಹಾಲು ಬರುವುದಿಲ್ಲ ಎಂಬುದೂ ಹೀಗೇ. ತೀರಾ ಸೊರಗಿ ಹೋದವರನ್ನು ಬಿಟ್ಟರೆ, ಅರೆಹೊಟ್ಟೆಯ ತಾಯಿಗೂ ಹಾಲು ಬರುತ್ತದೆ. ಆದರೆ ಅದಕ್ಕಾಗಿ ಅವಳ ಮೈಯೇ ಸವೆಯುತ್ತದೆ. ಆದ್ದರಿಂದ ಕೂಸಿನ ಬಾಯಿಗೆ ಪುಡಿ ಹಾಲು ಹಾಕುವ ಬದಲು ತಾಯಿಯ ತಟ್ಟೆಗೆ ಎರಡು ಹಿಡಿ ಅನ್ನ ಹೆಚ್ಚು ಬಡಿಸುವುದು ಸರಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇರೆಯವರಿಗಿಂತ 500-600 ಕ್ಯಾಲೊರಿಯಷ್ಟು ಹೆಚ್ಚು ಆಹಾರ ಬೇಕು. ಸಾಲಿನಲ್ಲಿ ಕೊನೆಗೆ ನಿಂತು ತಳ ಹತ್ತಿದ್ದನ್ನು ಉಣ್ಣುವುದು ಇವಳೇ ಆಗಿರುತ್ತಾಳೆ, ಅದೇ ಬೇಜಾರು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಇರುವ ಮನೆಯವರು ಅದನ್ನೂ ಬಿಡಬೇಕು. ಇರುವ ಶುದ್ಧ ನೀರಿನಲ್ಲಿ ಮೊದಲ ಲೋಟ ಅವಳಿಗೆ.

ತಾಯಿಗೇ ಭೇದಿ, ಜ್ವರ ಬಂದರೂ ಹಾಲೂಡಿಸುವುದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಭೇದಿಯ ರೋಗಾಣು ಹಾಲಿನಿಂದ ಹೋಗುವುದಿಲ್ಲ, ಕೈಯಿಂದ ಹೋಗುತ್ತದೆ. ಸೋಪು ಹಾಕಿ ಕೈ ತೊಳೆದರೆ ಆಯಿತು.

ನಿಂತ ಹಾಲು, ಇಲ್ಲದ ತಾಯಿ

ಕೆಲವು ವಾರಗಳಿಂದ ಬಾಟಲಿ ಹಾಲನ್ನೇ ಕೊಡುತ್ತಿದ್ದವರಿಗೂ ದಾರಿ ಇದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮಗುವಿಗೆ ಎದೆ ಚೀಪಿಸಿದರೆ ಎಷ್ಟೋ ತಾಯಂದಿರಿಗೆ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಹಾಲು ಮತ್ತೆ ಬರುತ್ತದೆ. ಹಾಲು ಬರದ ಎದೆಯನ್ನು ಮಗು ಸುಮ್ನೆ ಚೀಪುವುದಿಲ್ಲ, ಸಿಟ್ಟಾಗಿ ಮುಖ ತಿರುಗಿಸುತ್ತದೆ. ಅದಕ್ಕೆ ನರ್ಸುಗಳು ಒಂದು ಉಪಾಯ ಮಾಡುತ್ತಾರೆ. ಬಟ್ಟಲಲ್ಲಿ ಹಾಲು ಇಟ್ಟು, ಅದಕ್ಕೆ ತೆಳ್ಳನೆಯ ನಳಿಕೆಯ ಒಂದು ತುದಿ ಅದ್ದಿ, ಇನ್ನೊಂದು ತುದಿಯನ್ನು ಮೊಲೆತೊಟ್ಟಿನ ಪಕ್ಕಕ್ಕೆ ಪ್ಲಾಸ್ಟರ್‌ನಿಂದ ಅಂಟಿಸುತ್ತಾರೆ. ಮಗು ಚೀಪಿದಾಗ ಬಟ್ಟಲಿನ ಹಾಲು ಬಾಯಿಗೆ ಬರುತ್ತದೆ, ಚೀಪಿದ್ದರಿಂದ ಎದೆಗೂ ಹಾಲು ತಯಾರಿಸುವ ಸೂಚನೆ ಹೋಗುತ್ತದೆ. ಬಟ್ಟಲಿನ ಹಾಲನ್ನು ದಿನೇ ದಿನೇ ಕಡಿಮೆ ಮಾಡುತ್ತಾ ಬರುತ್ತಾರೆ.

ತಾಯಿಯೇ ತೀರಿಕೊಂಡಿದ್ದರೆ, ಅಥವಾ ಎಲ್ಲಿದ್ದಾಳೆಂದು ತಿಳಿಯದಿದ್ದರೆ, ಮೊದಲ ಆಯ್ಕೆ ಇನ್ನೊಬ್ಬ ತಾಯಿ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದಾಗ, ಇಡುಕ್ಕಿಯ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೊರಟು, ತಬ್ಬಲಿ ಕೂಸುಗಳಿದ್ದರೆ ಹಾಲೂಡಿಸುತ್ತೇನೆ ಎಂದದ್ದು ಆಗ ಸುದ್ದಿಯಾಗಿತ್ತು. ಹೀಗೆ ಊಡಿಸುವ ಮುಂಚೆ ಆ ತಾಯಿಯ ಎಚ್‌ಐವಿ ಪರೀಕ್ಷೆಯ ವಿಷಯ ವೈದ್ಯರಿಗೆ ಗೊತ್ತಿರಬೇಕು.

ಪುಡಿ ಹಾಲೇ ಗತಿ ಅಂದಾಗ

ಯಾವ ದಾರಿಯೂ ಇಲ್ಲದ ಕೂಸುಗಳು ಇದ್ದೇ ಇರುತ್ತವೆ. ಅವಕ್ಕೆ ಪುಡಿ ಹಾಲು ಕೊಡಲೇಬೇಕು, ಕೊಡದಿರುವುದು ತಪ್ಪು. ಆದರೆ ಡಬ್ಬ ಕೈಗಿತ್ತು ಹೋಗುವಂತಿಲ್ಲ. ಆರೋಗ್ಯ ಸಿಬ್ಬಂದಿ ನೋಡಿ ನಿರ್ಧರಿಸಿ, ನೀರು, ಉರುವಲು, ಪಾತ್ರೆ ಒದಗಿಸಿ, ಮಾಡಿ ತೋರಿಸಿ, ಆಗಾಗ ಬಂದು ವಿಚಾರಿಸಬೇಕು.

ಬಾಟಲಿ ಬೇಡ. ನಿಪ್ಪಲ್ಲಿನ ಒಳಗೆ, ಬಾಟಲಿಯ ಕುತ್ತಿಗೆಯಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ. ಬ್ರಷ್ ಮತ್ತು ಧಾರಾಳ ನೀರಿಲ್ಲದೆ ಅದು ಹೋಗುವುದಿಲ್ಲ. ಅಗಲ ಬಾಯಿಯ ಪುಟ್ಟ ಸ್ಟೀಲ್ ಲೋಟ ಸಾಕು. ನಮ್ಮಲ್ಲಿ ಹಿಂದಿನಿಂದ ಬಳಸುವ ಒಳಲೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲು, ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೂಲೆ ಸಂದಿ ಇಲ್ಲ, ಬೆರಳಲ್ಲಿ ಉಜ್ಜಿ ತೊಳೆದು ಕುದಿಸಿಡಬಹುದು. ಮಗುವನ್ನು ಮಲಗಿಸದೆ, ತಲೆ ಎತ್ತರವಾಗಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟು ಮಾತ್ರ ಬಗ್ಗಿಸಬೇಕು. ಬಾಯೊಳಗೆ ಸುರಿಯಬಾರದು. ಕೂಸು ತಾನೇ ನಾಲಿಗೆ ಚಾಚಿ ಹೀರಿಕೊಳ್ಳುತ್ತದೆ.

ನೀರು ಕೊತಕೊತ ಕುದಿಯಬೇಕು. ಕೆಂಪು ನೀರಾದರೆ ಮೊದಲು ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕ್ಲೋರಿನ್ ಮಾತ್ರೆ ಹಾಕುವುದಾದರೆ ಪಟ್ಟಿಯ ಮೇಲೆ ಎಷ್ಟು ಲೀಟರಿಗೆ ಒಂದು ಎಂದು ಬರೆದಿರುವುದನ್ನು ನೋಡಿ ಹಾಕಿ, ಅರ್ಧ ಗಂಟೆ ಬಿಡಬೇಕು. ಕದಡಿದ ನೀರಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಲದಿಂದ ಹರಿದು ಬಂದ ಕೀಟನಾಶಕ, ಸೀಮೆಎಣ್ಣೆ, ಡೀಸೆಲ್ ವಾಸನೆಯ ನೀರನ್ನು ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ, ಅದನ್ನು ಬಿಟ್ಟುಬಿಡಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಪುಡಿಯೇ ಪೂರ್ತಿ ರೋಗಾಣುಮುಕ್ತ ಅಲ್ಲ. ಅಪರೂಪಕ್ಕೆ ಅದರಲ್ಲಿ ಕ್ರೊನೊಬ್ಯಾಕ್ಟರ್, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ಅವು ಸಾಯಬೇಕಾದರೆ ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಥರ್ಮಾಮೀಟರ್ ಬೇಕಿಲ್ಲ. ಒಂದು ಲೀಟರ್ ನೀರು ಕುದಿಸಿ ಇಳಿಸಿದ ಮೇಲೆ ಅರ್ಧ ಗಂಟೆಯ ಒಳಗೆ ಪುಡಿ ಕಲಸಿದರೆ ಆಯಿತು. ಬಾಟಲಿ ನೀರು ಶುದ್ಧವೆಂದು ತಣ್ಣಗೆ ಕಲಸುವುದು ಸರಿಯಲ್ಲ, ಅದನ್ನೂ ಕುದಿಸಬೇಕು. ಡಬ್ಬದೊಳಗಿನ ಚಮಚದಲ್ಲೇ ಅಳೆದು ಹಾಕಿ, ಲೋಟದ ಹೊರಮೈಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಎರಡು ಗಂಟೆ ಕಳೆದದ್ದನ್ನು, ಮಗು ಕುಡಿದು ಬಿಟ್ಟದ್ದನ್ನು ಚೆಲ್ಲಿ.

ಆರು ತಿಂಗಳ ಒಳಗಿನ ಕೂಸಿಗೆ ಹಸುವಿನ ಹಾಲು, ಕಂಡೆನ್ಸ್‌ಡ್ ಮಿಲ್ಕ್, ಚಹಾದ ಪುಡಿಹಾಲು, ಗಂಜಿ ತಿಳಿ ಯಾವುದೂ ಪುಡಿ ಹಾಲಿಗೆ ಬದಲಿಯಲ್ಲ.

ಆರು ತಿಂಗಳು ದಾಟಿದ ಮಕ್ಕಳಿಗೆ

ಇವರಿಗೂ ಎದೆಹಾಲು ಮುಂದುವರಿಯಲಿ, ಎರಡು ವರ್ಷದವರೆಗೆ, ಆಮೇಲೂ. ಜೊತೆಗೆ ಊಟ ಬೇಕು. ನೀರಿಲ್ಲದ ಜಾಗದಲ್ಲಿ ಬಾಳೆಹಣ್ಣಿನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಕೈ ತೊಳೆದು ಸಿಪ್ಪೆ ಸುಲಿದರೆ ತಿನ್ನಲು ತಯಾರು. ಬೇಯಿಸಿದ ಮೊಟ್ಟೆಯೂ ಹಾಗೇ. ರಾಗಿ ಸರಿ, ಅಂಗನವಾಡಿಯ ಪುಷ್ಟಿ ಪುಡಿಯನ್ನು ಬಿಸಿ ನೀರಿಗೆ ಕಲಸುವ ಬದಲು ಒಲೆಯ ಮೇಲೆ ಕುದಿಸಿಯೇ ಮಾಡಬೇಕು. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ಗಟ್ಟಿಯಿರಲಿ. ಕೇಂದ್ರದ ಅಡುಗೆಯವರು ಬೇಳೆ ಬೆಂದ ಮೇಲೆ, ಖಾರದ ಪುಡಿ ಹಾಕುವ ಮುಂಚೆ ಒಂದು ಪಾತ್ರೆ ತೆಗೆದಿಟ್ಟರೆ ಅಲ್ಲಿರುವ ಎಲ್ಲ ಪುಟ್ಟ ಮಕ್ಕಳಿಗೂ ಅನ್ನಕ್ಕೆ ನುರಿದು ಉಣಿಸಬಹುದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಯಾರಾದರೂ ಹೋಗಿ ಹೇಳಬೇಕು ಅಷ್ಟೇ. ಎದೆಹಾಲು ಇಲ್ಲದ ಈ ವಯಸ್ಸಿನ ಮಕ್ಕಳಿಗೆ ಕುದಿಸಿದ ಹಸುವಿನ ಹಾಲು ಅಥವಾ ಫ್ರಿಜ್ಜು ಬೇಡದ ಟೆಟ್ರಾ ಪ್ಯಾಕ್ ಹಾಲು ಕೊಡಬಹುದು. ಪ್ಯಾಕ್ ಒಡೆದ ಮೇಲೆ ಇಟ್ಟುಕೊಳ್ಳುವಂತಿಲ್ಲ.

ಏನು ಕಳಿಸಬೇಕು, ಏನು ಬೇಡ

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇದೆ. ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಬಗೆಗಿನ 1992ರ ಕಾಯ್ದೆ. 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಇವುಗಳ ಜಾಹೀರಾತನ್ನು ಅದು ನಿಷೇಧಿಸುತ್ತದೆ. ಅನಾಥಾಲಯಗಳನ್ನು ಬಿಟ್ಟು ಬೇರೆಯವರಿಗೆ ಹಾಲಿನ ಪುಡಿ, ಬಾಟಲಿಗಳನ್ನು ದಾನ ಮಾಡುವುದನ್ನೂ ಅದು ತಡೆಯುತ್ತದೆ. ಪುಡಿ ಹಾಲು ನಿಜಕ್ಕೂ ಬೇಕಾದ ಕೂಸಿದ್ದರೆ ಅದನ್ನು ಆರೋಗ್ಯ ಇಲಾಖೆಯ ಗಮನಕ್ಕೆ ತರಬೇಕು, ಲಾರಿಯಲ್ಲಿ ತುಂಬಿ ಹಂಚಬಾರದು.

ಹಾಗಾದರೆ ಕೂಸಿಗಾಗಿ ಏನನ್ನೂ ಕಳಿಸುವುದೇ ಬೇಡವಾ? ತಾಯಿಗೆ ಕಳಿಸಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಚಿಕ್ಕಿ, ಖರ್ಜೂರ, ಹುರಿಗಡಲೆ, ಕುಡಿಯುವ ನೀರು. ಮುಚ್ಚಳವಿರುವ ಸ್ಟೀಲ್ ಲೋಟ, ಸೋಪು, ಬಕೆಟ್ಟು, ಒಆರ್‌ಎಸ್ ಪೊಟ್ಟಣ, ಪ್ಯಾಡುಗಳು. ನಾಲ್ಕು ಹಳೆಯ ಸೀರೆ, ಒಂದಿಷ್ಟು ಹಗ್ಗ ಇದ್ದರೆ ಶಾಲೆಯ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಬಹುದು. ನೂರು ಕಣ್ಣುಗಳ ನಡುವೆ ಹಾಲೂಡಿಸಲು ನಾಚಿಕೊಂಡು ಮಗುವನ್ನು ಹಸಿವಿನಲ್ಲಿಡುವ ತಾಯಿಗೆ ಆ ಪರದೆ ಯಾವ ಡಬ್ಬಕ್ಕಿಂತಲೂ ಹೆಚ್ಚು.

ಭೇದಿ ಶುರುವಾದರೆ

ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಒಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಹಾಕಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. 24 ಗಂಟೆಯಾದರೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಸತು (ಜಿಂಕ್) ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಬೇಕು. ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಆಶಾ ಕಾರ್ಯಕರ್ತೆಯರ ಬಳಿ ಇವೆರಡೂ ಸಿಗುತ್ತವೆ.

ನೆತ್ತಿ ಗುಳಿ ಬಿದ್ದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಜೋಲು ಬಿದ್ದು ಹಾಲನ್ನೂ ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರಸ್ತೆ ಮುಳುಗಿದ್ದರೆ ಕೇಂದ್ರದ ಅಧಿಕಾರಿಗೆ ಹೇಳಿ ದೋಣಿ ತರಿಸಿ. ಹೋಗುವ ದಾರಿಯಲ್ಲೂ ಎದೆಹಾಲು, ಒಆರ್‌ಎಸ್ ಕೊಡುತ್ತಲೇ ಇರಿ.